ಮನೆಯಲ್ಲಿ ಕಟ್ಟಿದ ಮಾಡೆಲ್ ಇಂಜಿನ್ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಕಂಪ್ರೆಶನ್, ಕೊನೆಗೆ ನೀಡಲ್

ಕೆಟ್ಟು ನಿಂತ ಬೈಕಿಗೂ ಮನೆಯಲ್ಲಿ ಕಟ್ಟಿದ ಇಂಜಿನ್ನಿಗೂ ಒಂದು ವ್ಯತ್ಯಾಸ ಇದೆ. ಬೈಕು ನಿನ್ನೆಯವರೆಗೂ ಓಡುತ್ತಿತ್ತು. ಹಾಗಾಗಿ ಏನೋ ಒಂದು ಕೆಟ್ಟಿದೆ, ಉಳಿದದ್ದೆಲ್ಲ ಸರಿಯಿದೆ ಎಂದುಕೊಂಡೇ ಹುಡುಕಬಹುದು. ನೀವು ಕಟ್ಟಿದ ಇಂಜಿನ್ ಇನ್ನೂ ಒಂದು ಸಲವೂ ಓಡಿಲ್ಲ. ಅದರಲ್ಲಿ ಯಾವುದು ಸರಿಯಿದೆ ಅಂತ ಯಾರಿಗೂ ಗೊತ್ತಿಲ್ಲ. ಒಂದೇ ಹೊತ್ತಿಗೆ ಮೂರು ತಪ್ಪು ಇರಬಹುದು. ಎರಡನ್ನು ಸರಿಮಾಡಿದರೂ ಇಂಜಿನ್ ಸುಮ್ಮನೇ ಇರುತ್ತದೆ, ನೀವು ಸರಿಮಾಡಿದ್ದನ್ನೇ ಮತ್ತೆ ಬಿಚ್ಚಿ ಹಾಳುಮಾಡುತ್ತೀರಿ. ಅದಕ್ಕೇ ಒಂದು ಕ್ರಮ ಬೇಕು.

ಇಲ್ಲಿ ಹೇಳುವುದೆಲ್ಲ ಹಿಟ್ ಅಂಡ್ ಮಿಸ್ ಮಾದರಿಯ ಪುಟ್ಟ ಪೆಟ್ರೋಲ್ ಇಂಜಿನ್ ಬಗ್ಗೆ. ಲೇತ್ ಇಟ್ಟುಕೊಂಡ ಹವ್ಯಾಸಿಗಳು ಮೊದಲು ಕಟ್ಟುವ ಫೋರ್ ಸ್ಟ್ರೋಕ್ ಇಂಜಿನ್‌ಗಳಲ್ಲಿ ಇದೂ ಒಂದು. ಮಲಗಿದ ಒಂದೇ ಸಿಲಿಂಡರ್, ಎರಡು ಕಡೆ ಫ್ಲೈವೀಲ್. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಹೊಲಗಳಲ್ಲಿ ನೀರೆತ್ತಲು, ಕಾಳು ಬೀಸಲು ಇದ್ದ ಇಂಜಿನ್‌ಗಳ ಸಣ್ಣ ರೂಪ. ಇದರ ಇನ್‌ಲೆಟ್ ವಾಲ್ವಿಗೆ ಅದನ್ನು ತಳ್ಳಿ ತೆರೆಯುವ ಕ್ಯಾಮ್ ಇರುವುದಿಲ್ಲ. ಪಿಸ್ಟನ್ ಎಳೆದಾಗ ಆ ಎಳೆತಕ್ಕೆ ತಾನೇ ತೆರೆದುಕೊಳ್ಳುತ್ತದೆ. ವೇಗ ಜಾಸ್ತಿಯಾದರೆ ಗವರ್ನರ್ (ವೇಗವನ್ನು ಹಿಡಿತದಲ್ಲಿಡುವ ಭಾಗ) ಒಂದು ಕೊಕ್ಕೆ ಹಾಕಿ ಎಕ್ಸಾಸ್ಟ್ ವಾಲ್ವನ್ನು ತೆರೆದೇ ಹಿಡಿಯುತ್ತದೆ. ಎಳೆತ ಇಲ್ಲ, ಪೆಟ್ರೋಲ್ ಬರಲ್ಲ, ಇಂಜಿನ್ ಸುಮ್ಮನೆ ಉರುಳುತ್ತದೆ. ವೇಗ ಇಳಿದರೆ ಕೊಕ್ಕೆ ಬಿಡುತ್ತದೆ, ಮತ್ತೆ ಒಂದು ಪಟ್. ಈ ಎರಡು ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತವೆ. ಅಳತೆ ಹೇಳುವಾಗ 25 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 30 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಇಟ್ಟುಕೊಳ್ಳೋಣ. ಅಂದರೆ ಸುಮಾರು 15 ಸಿಸಿ.

ಕೈ ಹಾಕುವ ಮುಂಚೆ

ಪೆಟ್ರೋಲ್ ಮತ್ತು ಕಿಡಿ ಒಂದೇ ಮೇಜಿನ ಮೇಲೆ ಇರುವ ಕೆಲಸ ಇದು. ಮುಚ್ಚಿದ ಕೋಣೆಯಲ್ಲಿ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಟ್ಯಾಂಕಿಗೆ ಎರಡು ಚಮಚ ಪೆಟ್ರೋಲ್ ಸಾಕು, ಕ್ಯಾನನ್ನು ದೂರ ಇಡಿ. ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಬೇಡಿ, ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ.

ಪ್ಲಗ್ ಬಿಚ್ಚಿ ಕಿಡಿ ನೋಡುವಾಗ ಪ್ಲಗ್ ತೂತಿನ ಹತ್ತಿರ ಹಿಡಿಯಬೇಡಿ. ಆ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತಿರುತ್ತದೆ. ತೂತಿನ ಮೇಲೆ ಒಂದು ಬಟ್ಟೆ ಇಟ್ಟು, ಪ್ಲಗ್ಗನ್ನು ಉದ್ದ ವೈರಿನಿಂದ ಇಂಜಿನ್ ಬಾಡಿಗೆ ಅರ್ತ್ ಮಾಡಿ, ದೂರದಲ್ಲಿಟ್ಟು ನೋಡಿ.

ಫ್ಲೈವೀಲಿನ ಕಡ್ಡಿಗಳ ನಡುವೆ ಬೆರಳು ಹಾಕಿ ತಿರುಗಿಸುವ ಅಭ್ಯಾಸ ಬೇಡವೇ ಬೇಡ. ಅಂಚನ್ನು ಹಿಡಿದು ತಿರುಗಿಸಿ. ಹಗ್ಗ ಸುತ್ತಿ ಎಳೆಯುವುದಾದರೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಡ್ರಿಲ್ ಮೆಷಿನ್ನಿಂದ ತಿರುಗಿಸುವುದಾದರೆ ಮಧ್ಯೆ ಒನ್-ವೇ ಬೇರಿಂಗ್ ಇರಲಿ, ಇಲ್ಲದಿದ್ದರೆ ಇಂಜಿನ್ ಹೊತ್ತಿಕೊಂಡ ಕ್ಷಣ ಡ್ರಿಲ್ ನಿಮ್ಮ ಮಣಿಕಟ್ಟನ್ನು ತಿರುಚುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಕುರುಹು: ಫ್ಲೈವೀಲ್ ತಿರುಗಿಸಲು ಬಿಗಿ

ಪ್ಲಗ್ ತೆಗೆದು ಕೈಯಲ್ಲಿ ತಿರುಗಿಸಿ. ಸುತ್ತು ಪೂರ್ತಿ ಒಂದೇ ಸಮ ಬಿಗಿ ಇದ್ದರೆ ಅದು ಪಿಸ್ಟನ್ನಿನ ಹೊಸ ರಿಂಗಿನದು, ಅದರಲ್ಲಿ ತಪ್ಪಿಲ್ಲ. ಎಣ್ಣೆ ಬಿಟ್ಟು, ಪ್ಲಗ್ ಇಲ್ಲದೆ, ಡ್ರಿಲ್ಲಿನಿಂದ ನಿಧಾನವಾಗಿ ಅರ್ಧ ಗಂಟೆ ತಿರುಗಿಸಿದರೆ ಸಡಿಲವಾಗುತ್ತದೆ. ಎಣ್ಣೆ ಕಪ್ಪಾಗಿ ಹೊರಬಂದರೆ ಒರೆಸಿ, ಹೊಸದು ಬಿಡಿ.

ಸುತ್ತಿನ ಒಂದು ಜಾಗದಲ್ಲಿ ಮಾತ್ರ ಬಿಗಿ ಅಂದರೆ ಬೇರೆ ಕತೆ. ಕ್ರ್ಯಾಂಕ್ ಸೊಟ್ಟ ಇರಬಹುದು, ಎರಡು ಬೇರಿಂಗ್ ಒಂದೇ ಗೆರೆಯಲ್ಲಿ ಇಲ್ಲದಿರಬಹುದು. ಬೇರಿಂಗ್ ಕ್ಯಾಪಿನ ಬೋಲ್ಟನ್ನು ಒಂದೊಂದಾಗಿ ಸಡಿಲಿಸಿ ನೋಡಿ. ಯಾವುದನ್ನು ಸಡಿಲಿಸಿದಾಗ ಹಗುರಾಯಿತೋ ಅಲ್ಲಿದೆ ತೊಂದರೆ. ತಿರುಗಿಸುವಾಗ 'ಟಕ್' ಅಂತ ಲೋಹ ತಾಗಿದರೆ ಅಲ್ಲಿಗೇ ನಿಲ್ಲಿಸಿ. ಪಿಸ್ಟನ್ ವಾಲ್ವಿಗೆ ತಾಗುತ್ತಿದೆ, ಇಲ್ಲವೇ ಕನೆಕ್ಟಿಂಗ್ ರಾಡ್ ಎಲ್ಲೋ ಉಜ್ಜುತ್ತಿದೆ. ಜೋರು ಮಾಡಿದರೆ ವಾಲ್ವ್ ಕಾಂಡ ಬಾಗುತ್ತದೆ.

ಕುರುಹು: ಸಲೀಸಾಗಿ ತಿರುಗುತ್ತೆ, ಆದರೆ ಒತ್ತೇ (ಕಂಪ್ರೆಶನ್) ಇಲ್ಲ

ಓಡದ ಮನೆ ಇಂಜಿನ್‌ಗಳಲ್ಲಿ ಹೆಚ್ಚಿನವು ಇಲ್ಲೇ ಸಿಕ್ಕಿಬಿದ್ದಿರುತ್ತವೆ, ಆದರೆ ಕಟ್ಟಿದವರ ಕೈ ಮಾತ್ರ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ನೀಡಲ್ ಸ್ಕ್ರೂ ಮೇಲೆ ಇರುತ್ತದೆ. ಕಾರಣ ಸುಲಭ. ನೀಡಲ್ ಹೊರಗಿದೆ, ಬೆರಳಿಗೆ ಸಿಗುತ್ತದೆ. ಕಂಪ್ರೆಶನ್ ಒಳಗಿದೆ, ಅದನ್ನು ಸರಿಮಾಡಲು ಮತ್ತೆ ಬಿಚ್ಚಬೇಕು.

ಪರೀಕ್ಷೆಗೆ ಯಾವ ಮೀಟರೂ ಬೇಡ. ಇಗ್ನಿಷನ್ ಆಫ್ ಮಾಡಿ ಪ್ಲಗ್ ಹಾಕಿ. ಕಂಪ್ರೆಶನ್ ಬರುವ ಕಡೆಗೆ ಫ್ಲೈವೀಲನ್ನು ಸ್ವಲ್ಪ ಬೀಸಿ ಬಿಡಿ. ಅದು ಸ್ಪ್ರಿಂಗಿಗೆ ಬಡಿದ ಹಾಗೆ ಹಿಂದಕ್ಕೆ ಪುಟಿಯಬೇಕು. 'ಸ್ಸ್' ಎಂದು ನಿಧಾನವಾಗಿ ದಾಟಿ ಹೋದರೆ ಗಾಳಿ ಸೋರುತ್ತಿದೆ. ದೊಡ್ಡ ಇಂಜಿನ್ನಿನಲ್ಲಿ ಸಣ್ಣ ಸೋರಿಕೆ ನಡೆದುಹೋಗುತ್ತದೆ. 15 ಸಿಸಿಯಲ್ಲಿ ಇರುವುದೇ ಹಿಡಿ ಗಾಳಿ, ಕೈಯಲ್ಲಿ ತಿರುಗಿಸುವ ನಿಧಾನಕ್ಕೆ ಅದೆಲ್ಲ ಹೊರಗೆ ಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ.

ಮೊದಲು ಕಾಸು ಖರ್ಚಿಲ್ಲದ ಎರಡು ಚೆಕ್. ಒಂದು, ಗವರ್ನರ್ ಕೊಕ್ಕೆ. ಅದು ಎಕ್ಸಾಸ್ಟ್ ವಾಲ್ವನ್ನು ತೆರೆದು ಹಿಡಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆಯಾ ನೋಡಿ. ಸಿಕ್ಕಿಕೊಂಡಿದ್ದರೆ ಸಾಯಂಕಾಲದವರೆಗೆ ತಿರುಗಿಸಿದರೂ ಕಂಪ್ರೆಶನ್ ಬರುವುದಿಲ್ಲ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಕೊಕ್ಕೆಯನ್ನು ಒಂದು ರಬ್ಬರ್ ಬ್ಯಾಂಡಿನಿಂದ ಹಿಂದಕ್ಕೆ ಕಟ್ಟಿಬಿಡುವುದೇ ಒಳ್ಳೆಯದು. ಆದರೆ ಆಗ ವೇಗಕ್ಕೆ ಕಡಿವಾಣ ಇರುವುದಿಲ್ಲ, ಸ್ವಿಚ್ ಮೇಲೆ ಕೈ ಇರಲಿ. ಎರಡು, ಟ್ಯಾಪೆಟ್ ಗ್ಯಾಪ್. ಎಕ್ಸಾಸ್ಟ್ ವಾಲ್ವ್ ಮುಚ್ಚಿದಾಗ ಅದನ್ನು ತಳ್ಳುವ ರಾಕರಿಗೂ ವಾಲ್ವ್ ತುದಿಗೂ ನಡುವೆ 0.1 ಮಿ.ಮೀ.ನಷ್ಟು ಸಂದು ಬೇಕು. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ.

ಇವೆರಡೂ ಸರಿಯಿದ್ದರೆ ಸೋರಿಕೆ ಎಲ್ಲಿ ಅಂತ ಕಿವಿಯಿಂದ ಹುಡುಕಿ. ಪೆಟ್ರೋಲ್ ಟ್ಯಾಂಕ್ ತೆಗೆದಿಡಿ. ಎರಡೂ ವಾಲ್ವ್ ಮುಚ್ಚಿರುವಾಗ ಪ್ಲಗ್ ತೂತಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ. ಫ್ಲೈವೀಲ್ ತಟ್ಟನೆ ತಿರುಗಬಹುದು, ಇನ್ನೊಬ್ಬರು ಹಿಡಿದುಕೊಳ್ಳಲಿ. ಸೈಲೆನ್ಸರ್ ಪೈಪಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್. ಮಿಕ್ಸರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಬಾಯಲ್ಲಿ ಬಂದರೆ ಇನ್‌ಲೆಟ್. ಪಿಸ್ಟನ್ ಹಿಂದೆ ಬಂದರೆ ರಿಂಗ್. ಹೆಡ್ ಸಂದಿಗೆ, ಪ್ಲಗ್ ಬುಡಕ್ಕೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಪ್ಯಾಕಿಂಗ್ ಸರಿಯಾಗಿ ಕೂತಿಲ್ಲ, ಇಲ್ಲವೇ ಪ್ಲಗ್ ವಾಷರ್ ಇಲ್ಲ.

ಇನ್ನೊಂದು ಹಳೇ ಮೆಕ್ಯಾನಿಕ್ ಉಪಾಯ: ಪ್ಲಗ್ ತೂತಿನಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು ಮತ್ತೆ ಪುಟಿಸಿ ನೋಡಿ. ಒತ್ತು ಬಂದರೆ ರಿಂಗ್ ಸೋರುತ್ತಿದೆ. ಬರದಿದ್ದರೆ ವಾಲ್ವ್.

ಸಾಮಾನ್ಯವಾಗಿ ವಾಲ್ವೇ ಆಗಿರುತ್ತದೆ. ಹೆಡ್ ಬಿಚ್ಚಿ, ವಾಲ್ವಿನ ಓರೆ ಮುಖಕ್ಕೆ ಕಪ್ಪು ಮಾರ್ಕರ್ ಬಳಿಯಿರಿ. ಒಣಗಿದ ಮೇಲೆ ವಾಲ್ವನ್ನು ಅದರ ಜಾಗದಲ್ಲಿ ಕೂರಿಸಿ, ಬೆರಳಿನಿಂದ ಒತ್ತಿ, ಕಾಲು ಸುತ್ತು ಮಾತ್ರ ತಿರುಗಿಸಿ ತೆಗೆಯಿರಿ. ಬೆಳಕಿಗೆ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಿ. ಕಪ್ಪಿನ ನಡುವೆ ಬೆಳ್ಳಿಯ ತೆಳು ಬಳೆ ಪೂರ್ತಿ ಸುತ್ತ ಕಾಣಬೇಕು. ಒಂದು ಕಡೆ ಬಳೆ ತುಂಡಾಗಿ, ಅಲ್ಲಿ ಕಪ್ಪು ಹಾಗೇ ಉಳಿದಿದ್ದರೆ ಗಾಳಿ ಹೋಗುವ ದಾರಿ ಅದೇ. ತುಂಡಾದ ಜಾಗ ಅರ್ಧ ಸುತ್ತಿನಷ್ಟು ದೊಡ್ಡದಿದ್ದರೆ ಸೀಟೂ (ವಾಲ್ವ್ ಕೂರುವ ಜಾಗ) ಗೈಡೂ (ಕಾಂಡ ಓಡಾಡುವ ತೂತು) ಒಂದೇ ಕೇಂದ್ರದಲ್ಲಿಲ್ಲ, ಇಲ್ಲವೇ ವಾಲ್ವ್ ಕಾಂಡ ಬಾಗಿದೆ. ಕಾಂಡವನ್ನು ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ಗೊತ್ತಾಗುತ್ತದೆ.

ಸಣ್ಣ ತುಂಡಾದರೆ ಉಜ್ಜಿ ಸರಿಮಾಡಬಹುದು. ಬೈಕ್ ಅಂಗಡಿಯ ದಪ್ಪ ವಾಲ್ವ್ ಪೇಸ್ಟ್ ಈ ಅಳತೆಗೆ ಒರಟು. ಹಿತ್ತಾಳೆ ಪಾತ್ರೆ ಹೊಳಪಿಸುವ ಪಾಲಿಶ್ ಸಾಕು. ಹಗುರ ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಿ. ಜಾಸ್ತಿ ಉಜ್ಜಿದರೆ ಬಳೆ ಅಗಲವಾಗುತ್ತದೆ. ಅಗಲವಾದಷ್ಟೂ ಸೋರುವುದು ಹೆಚ್ಚು, ಇದನ್ನು ಬಹಳ ಜನ ಉಲ್ಟಾ ತಿಳಿದಿದ್ದಾರೆ. ಸೀಟಿನ ಅಗಲ ಅರ್ಧ ಮಿ.ಮೀ.ಗಿಂತ ಕಡಿಮೆ ಇರಲಿ. ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಪೋರ್ಟಿಗೆ ಟ್ಯೂಬ್ ಹಾಕಿ ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ. ಸೀಮೆಎಣ್ಣೆ ಪೂರ್ತಿ ಒಣಗಿದ ಮೇಲೇ ಈ ಕೆಲಸ. ಟ್ಯೂಬ್ ನಾಲಿಗೆಗೆ ಕಚ್ಚಿಕೊಂಡು ಕೆಲವು ಸೆಕೆಂಡ್ ನಿಂತರೆ ವಾಲ್ವ್ ಪಾಸು.

ರಿಂಗಿನ ವಿಷಯ ಚಿಕ್ಕದು. ರಿಂಗನ್ನು ಒಂಟಿಯಾಗಿ ಬೋರಿನೊಳಗೆ ನೇರ ಕೂರಿಸಿ, ಹಿಂದೆ ಟಾರ್ಚ್ ಬಿಡಿ. ರಿಂಗಿನ ಸುತ್ತ ಬೆಳಕು ಇಣುಕಬಾರದು. ಬಾಯಿ ಸಂದು 0.1 ಮಿ.ಮೀ. ಸುತ್ತಮುತ್ತ ಇರಲಿ. ಬೋರಿನಲ್ಲಿ ಉದ್ದುದ್ದ ಗೀರು ಕಂಡರೆ ಉಜ್ಜುತ್ತಾ ಕೂರಬೇಡಿ, ಹೋನಿಂಗ್ ಮಾಡಿಸಿ ಹೊಸ ರಿಂಗ್ ಹಾಕಿ.

ಕುರುಹು: ಒತ್ತು ಚೆನ್ನಾಗಿದೆ, ಪ್ಲಗ್ಗಿನಲ್ಲಿ ಕಿಡಿ ಇಲ್ಲ ಅಥವಾ ಪೇಲವ

ಬ್ಯಾಟರಿ ಮೊದಲು. ಮೀಟರಿನಲ್ಲಿ ವೋಲ್ಟ್ ಸರಿ ತೋರಿಸಿದರೂ ಕಾಯಿಲ್ ಕರೆಂಟ್ ಎಳೆದಾಗ ಕುಸಿಯುವ ಬ್ಯಾಟರಿಗಳಿವೆ. ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಮುಚ್ಚಿರುವಾಗ ಅಳೆಯಿರಿ.

ಆಮೇಲೆ ಅರ್ತ್. ಚೆಂದಕ್ಕೆ ಪೇಂಟ್ ಹೊಡೆದ ಇಂಜಿನ್‌ಗಳಲ್ಲಿ ವೈರಿನ ಕೆಳಗೆ ಬಣ್ಣವೇ ಇರುತ್ತದೆ, ಕರೆಂಟ್ ಎಲ್ಲಿಂದ ಬರಬೇಕು? ಕೆರೆದು ಬರಿಯ ಲೋಹಕ್ಕೆ ವೈರ್ ಕೊಡಿ. ಪ್ಲಗ್ ಸೋರುತ್ತದೆ ಎಂದು ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಸುತ್ತಿದ್ದರೆ ಬಿಚ್ಚಿ ಬಿಸಾಡಿ. ಅದೂ ಕರೆಂಟನ್ನು ತಡೆಯುತ್ತದೆ. ಅಲ್ಲಿಗೆ ಬೇಕಾದದ್ದು ತಾಮ್ರದ ವಾಷರ್.

ಪಾಯಿಂಟ್ ಮುಖಗಳ ನಡುವೆ ದಪ್ಪ ಕಾಗದ ಎಳೆದು ಎಣ್ಣೆ ಒರೆಸಿ. ತೆರೆದಾಗ ಗ್ಯಾಪ್ 0.35 ಮಿ.ಮೀ. ಆಸುಪಾಸು. ಪಾಯಿಂಟಿನಲ್ಲೇ ಜೋರಾಗಿ ನೀಲಿ ಕಿಡಿ ಹಾರಿ, ಪ್ಲಗ್ಗಿನಲ್ಲಿ ಪೇಲವವಾಗಿದ್ದರೆ ಪಾಯಿಂಟಿಗೆ ಜೋಡಿಸಿದ ಕಂಡೆನ್ಸರ್ ಸತ್ತಿದೆ. ಬೆಲೆ ಕಡಿಮೆ, ಬದಲಿಸಿ ನೋಡುವುದೇ ಬೇಗ. ಬೆಂಗಳೂರಿನವರು ಜೆ.ಸಿ. ರಸ್ತೆಯ ಹಳೇ ಸ್ಪೇರ್ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಪಾಯಿಂಟ್ ಬದಲು ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಹಾಕಿದ್ದರೆ ಆಯಸ್ಕಾಂತವನ್ನು ಒಮ್ಮೆ ತಿರುಗಿಸಿ ಹಿಡಿದು ನೋಡಿ. ಹಲವು ಸೆನ್ಸರ್‌ಗಳು ಒಂದೇ ಧ್ರುವಕ್ಕೆ ಓಗೊಡುತ್ತವೆ. ಆಯಸ್ಕಾಂತ ಉಲ್ಟಾ ಅಂಟಿಸಿದ್ದರೆ ವೈರಿಂಗ್ ಎಲ್ಲ ಸರಿಯಿದ್ದರೂ ಕಿಡಿ ಬರಲ್ಲ.

ಹೊರಗೆ ಕಿಡಿ ಬಂದ ಮಾತ್ರಕ್ಕೆ ನಂಬಬೇಡಿ. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಬಿಟ್ಟ ಗಾಳಿಯಲ್ಲಿ 5 ಮಿ.ಮೀ. ಹಾರುವ ಕಿಡಿ ಒಳಗೆ 0.4 ಅಥವಾ 0.5 ಮಿ.ಮೀ. ಪ್ಲಗ್ ಗ್ಯಾಪನ್ನು ತಪ್ಪದೆ ದಾಟುತ್ತದೆ. ಸ್ವಿಚ್ ಆನ್ ಬಿಟ್ಟು ಚಹಾಕ್ಕೆ ಹೋಗಬೇಡಿ. ಪಾಯಿಂಟ್ ಮುಚ್ಚಿ ನಿಂತಿದ್ದರೆ ಕಾಯಿಲ್ ಕಾದು ಸುಟ್ಟೇಹೋಗುತ್ತದೆ. ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಬ್ಯಾಟರಿ ಕಳಚಿ. ಹೈ ಟೆನ್ಷನ್ ವೈರನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಬೇಡಿ. ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೇ ಬರಬಾರದು.

ಕುರುಹು: ಒತ್ತಿದೆ, ಕಿಡಿಯಿದೆ, ಒಂದು 'ಪಟ್' ಕೂಡ ಇಲ್ಲ

ಹತ್ತು ಹದಿನೈದು ಸುತ್ತು ತಿರುಗಿಸಿ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಒಣಗಿದೆಯಾ, ಒದ್ದೆಯಾ?

ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಖಾತ್ರಿ ಮಾಡಿಕೊಳ್ಳಲು ಸಿರಿಂಜಿನಿಂದ ಮಿಕ್ಸರ್ ಬಾಯಿಗೆ ಎರಡು ಮೂರು ಹನಿ ಪೆಟ್ರೋಲ್ ಬಿಟ್ಟು, ಸಿರಿಂಜ್ ದೂರ ಇಟ್ಟು, ಮುಖ ಪಕ್ಕಕ್ಕೆ ಮಾಡಿ ತಿರುಗಿಸಿ. ನಾಲ್ಕು ಸಲ ಹೊಡೆದು ನಿಂತರೆ ಕಂಪ್ರೆಶನ್, ಕಿಡಿ, ಟೈಮಿಂಗ್ ಎಲ್ಲ ಸುಮಾರಾಗಿ ಸರಿಯಿದೆ ಎಂದಾಯಿತು. ಅರ್ಧ ಯುದ್ಧ ಗೆದ್ದಿರಿ.

ಇನ್ನು ಪೆಟ್ರೋಲ್ ದಾರಿ. ಈ ಮಿಕ್ಸರ್‌ಗಳಲ್ಲಿ ಬೈಕ್ ಕಾರ್ಬುರೇಟರಿನ ಹಾಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಇಲ್ಲ. ಕೆಳಗಿನ ಟ್ಯಾಂಕಿನಿಂದ ಎಳೆತದಲ್ಲೇ ಪೆಟ್ರೋಲ್ ಮೇಲೇರಬೇಕು. ಟ್ಯಾಂಕಿನ ಮಟ್ಟ ಜೆಟ್ಟಿಗಿಂತ (ಪೆಟ್ರೋಲ್ ಹೊರಬರುವ ಸಣ್ಣ ತೂತು) 40 ಮಿ.ಮೀ.ಗಿಂತ ಹೆಚ್ಚು ಕೆಳಗಿದ್ದರೆ ಏರುವುದು ಕಷ್ಟ. ಪರೀಕ್ಷೆಗೆ ಪಾರದರ್ಶಕ ಟ್ಯೂಬ್ ಹಾಕಿ, ಮಿಕ್ಸರ್ ಬಾಯನ್ನು ಬೆರಳಿನಿಂದ ಮುಚ್ಚಿ, ಎರಡು ಸುತ್ತು ತಿರುಗಿಸಿ. ಪೆಟ್ರೋಲ್ ಏರುತ್ತದೆ, ನಿಲ್ಲಿಸಿದ ತಕ್ಷಣ ಜಾರಿ ಇಳಿಯುತ್ತದೆ ಅಂದರೆ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವಿನ ಗುಂಡು ಕೂರುತ್ತಿಲ್ಲ. ಬಿಚ್ಚಿ, ಕಸ ತೆಗೆದು, ಗುಂಡನ್ನು ಸೀಟಿನ ಮೇಲಿಟ್ಟು ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ಒಂದು ಏಟು ಕೊಡಿ, ಸೀಟು ಅಚ್ಚಾಗುತ್ತದೆ. ಏರುವುದೇ ಇಲ್ಲ, ಗುಳ್ಳೆ ಬರುತ್ತಿದೆ ಅಂದರೆ ಟ್ಯೂಬ್ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ.

ಇನ್‌ಲೆಟ್ ಸ್ಪ್ರಿಂಗನ್ನೂ ನೋಡಿ. ಪಿಸ್ಟನ್ ಎಳೆಯುವಾಗ ವಾಲ್ವ್ 'ಟಿಕ್ ಟಿಕ್' ಅನ್ನಬೇಕು. ಸದ್ದಿಲ್ಲದಿದ್ದರೆ ಸ್ಪ್ರಿಂಗ್ ಗಟ್ಟಿ ಜಾಸ್ತಿ. ಬಾಲ್ ಪೆನ್ನಿನ ಸ್ಪ್ರಿಂಗಿಗಿಂತ ಮೆತ್ತಗಿರುವುದೇ ಬೇಕಾಗಬಹುದು.

ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ. ನೀಡಲ್ ಪೂರ್ತಿ ಮುಚ್ಚಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ಇಪ್ಪತ್ತು ಸುತ್ತು ತಿರುಗಿಸಿ ಒಣಗಿಸಿ. ಪ್ಲಗ್ ಒರೆಸಿ ಹಾಕಿ ಮತ್ತೆ ಶುರುಮಾಡಿ. ಹಳೇ ಪೆಟ್ರೋಲ್ ಆಗಿದ್ದರೆ ಚೆಲ್ಲಿ ಹೊಸದು ತನ್ನಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್‌ವರೆಗೆ ಎಥನಾಲ್ ಬೆರೆತ ಇ20. ಇದನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದರು. ಎಥನಾಲ್ ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ಬಾಟಲಿಯಲ್ಲಿಟ್ಟ ಪೆಟ್ರೋಲ್ ನಂಬಬೇಡಿ. ವಿದೇಶಿ ಡ್ರಾಯಿಂಗಿನಲ್ಲಿ ಬರೆದ ನೀಡಲ್ ಸುತ್ತಿಗಿಂತ ಸ್ವಲ್ಪ ಜಾಸ್ತಿ ತೆರೆಯಬೇಕಾಗುತ್ತದೆ, ಅದೂ ನೆನಪಿರಲಿ.

ಕುರುಹು: ಹಿಂದಕ್ಕೆ ಒದೆಯುತ್ತೆ, ಮಿಕ್ಸರಿನಲ್ಲಿ ಉಗುಳುತ್ತೆ, ಸೈಲೆನ್ಸರಿನಲ್ಲಿ ಪಟಾಕಿ

ಮೂರೂ ಟೈಮಿಂಗ್ ಕಡೆ ಬೆರಳು ತೋರಿಸುತ್ತವೆ. ಹಿಂದಕ್ಕೆ ಒದ್ದರೆ ಕಿಡಿ ತುಂಬಾ ಮುಂಚೆ ಬರುತ್ತಿದೆ. ಸೈಲೆನ್ಸರಿನಲ್ಲಿ ಸಿಡಿದರೆ ತಡವಾಗಿ ಬರುತ್ತಿದೆ, ಇಲ್ಲವೇ ನಡುನಡುವೆ ಕಿಡಿ ತಪ್ಪುತ್ತಿದೆ. ಮಿಕ್ಸರಿನಲ್ಲಿ ಉಗುಳುವುದಕ್ಕೆ ಪೆಟ್ರೋಲ್ ಕಡಿಮೆಯಾಗಿರುವುದೂ ಕಾರಣ ಇರಬಹುದು, ಇನ್‌ಲೆಟ್ ವಾಲ್ವ್ ಮುಚ್ಚುವುದು ತಡವಾಗುವುದೂ ಇರಬಹುದು.

ಅಂದಾಜಿನಲ್ಲಿ ತಿರುಗಿಸಬೇಡಿ, ಟಿಡಿಸಿ (ಪಿಸ್ಟನ್ ಹೆಡ್ಡಿಗೆ ಅತಿ ಹತ್ತಿರ ಬರುವ ಜಾಗ) ಗುರುತು ಮಾಡಿ. ಪ್ಲಗ್ ತೂತಿನಲ್ಲಿ ಪಿಸ್ಟನ್ನಿಗೆ ತಾಗುವ ಹಾಗೆ ಒಂದು ಹಿತ್ತಾಳೆ ಸ್ಟಾಪ್ ಕೂರಿಸಿ. ಫ್ಲೈವೀಲನ್ನು ಒಂದು ಕಡೆಗೆ ತಾಗುವವರೆಗೆ ಮೆಲ್ಲಗೆ ತಿರುಗಿಸಿ ಗೆರೆ ಹಾಕಿ, ಇನ್ನೊಂದು ಕಡೆಗೂ ಹಾಗೇ. ಎರಡು ಗೆರೆಗಳ ನಟ್ಟನಡುವೆ ಟಿಡಿಸಿ. ಮೊದಲ ಸ್ಟಾರ್ಟಿಗೆ ಪಾಯಿಂಟ್ ಟಿಡಿಸಿಯಲ್ಲೇ ತೆರೆಯಲಿ. ಓಡತೊಡಗಿದ ಮೇಲೆ ಕಿಡಿ ಸ್ವಲ್ಪ ಸ್ವಲ್ಪವೇ ಮುಂಚೆ ಬರುವ ಹಾಗೆ ಮಾಡಿ.

ಎಕ್ಸಾಸ್ಟ್ ವಾಲ್ವ್ ಬಿಡಿಸಿಗೆ (ಪಿಸ್ಟನ್ ಹೆಡ್ಡಿನಿಂದ ಅತಿ ದೂರ ಹೋಗುವ ಜಾಗ) ಸುಮಾರು 40 ಡಿಗ್ರಿ ಮುಂಚೆ ತೆರೆದು, ಟಿಡಿಸಿ ದಾಟಿದ ಕೂಡಲೇ ಮುಚ್ಚಬೇಕು. ಬಹಳ ತಪ್ಪಿದ್ದರೆ ಕ್ಯಾಮ್ ಗೇರ್ ಒಂದು ಹಲ್ಲು ಆಚೀಚೆ ಕೂತಿದೆ. ಕ್ರ್ಯಾಂಕ್ ಗೇರಿಗೆ 20 ಹಲ್ಲಿದ್ದರೆ ಒಂದು ಹಲ್ಲು ಅಂದರೆ 18 ಡಿಗ್ರಿ, ಕಡಿಮೆ ಅಲ್ಲ. ಸರಿಮಾಡಿದ ಮೇಲೂ ಟೈಮಿಂಗ್ ತಪ್ಪುತ್ತಿದ್ದರೆ ಕ್ಯಾಮನ್ನು ಶಾಫ್ಟಿಗೆ ಬಿಗಿಹಿಡಿಯುವ ಗ್ರಬ್ ಸ್ಕ್ರೂ ಜಾರುತ್ತಿದೆ. ಶಾಫ್ಟಿನ ಮೇಲೆ ಅದಕ್ಕೊಂದು ಚಪ್ಪಟೆ ಜಾಗ ಅರದಿಂದ ಮಾಡಿಕೊಡಿ.

ಕುರುಹು: ನಾಲ್ಕು ಸಲ ಹೊಡೆದು ನಿಲ್ಲುತ್ತೆ

ಈಗ, ಈಗ ಮಾತ್ರ, ನೀಡಲ್ ಮುಟ್ಟಿ. ಒಮ್ಮೆಗೆ ಎಂಟನೇ ಒಂದು ಸುತ್ತು. ಮಿಕ್ಸರಿನಲ್ಲಿ ಉಗುಳಿ ನಿಂತರೆ ತೆರೆಯಿರಿ, ಕಪ್ಪು ಹೊಗೆ ಬಂದು ಪ್ಲಗ್ಗಿಗೆ ಮಸಿ ಹಿಡಿದರೆ ಮುಚ್ಚಿ. ಎಷ್ಟು ತಿರುಗಿಸಿದರೂ ಫಲ ಇಲ್ಲದಿದ್ದರೆ ಫ್ಲೈವೀಲ್ ಎಷ್ಟು ಹೊತ್ತು ತಾನಾಗಿ ಉರುಳುತ್ತದೆ ನೋಡಿ. ಪ್ಲಗ್ ತೆಗೆದು ಬೀಸಿ ಬಿಟ್ಟಾಗ ಒಂದೆರಡು ಸುತ್ತಿಗೇ ನಿಂತರೆ ಉಜ್ಜಾಟ ಜಾಸ್ತಿ, ಇಂಜಿನ್ನಿನ ಪುಟ್ಟ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತಿದೆ. ಇನ್ನಷ್ಟು ಹೊತ್ತು ಡ್ರಿಲ್ಲಿನಿಂದ ತಿರುಗಿಸಿ ಸಡಿಲ ಮಾಡಿ.

ಯಾವಾಗ ಬೇರೆಯವರ ಹತ್ತಿರ ಹೋಗಬೇಕು

ವಾಲ್ವ್ ಸೀಟು ಗೈಡಿನ ಕೇಂದ್ರದಲ್ಲಿ ಇಲ್ಲ ಅಂತ ಮಾರ್ಕರ್ ಎರಡು ಸಲ ಹೇಳಿದ ಮೇಲೆ ಉಜ್ಜುವುದು ದಂಡ. ಸೀಟೂ ಗೈಡೂ ಒಂದೇ ಹಿಡಿತದಲ್ಲಿ ಮತ್ತೆ ಕೊರೆಯಬೇಕು. ಸಣ್ಣ ಕೆಲಸ ಬೇಸರವಿಲ್ಲದೆ ಮಾಡುವ ಟರ್ನರ್ ಹುಡುಕಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಅಂಗಡಿಗಿಂತ ಒಂದೆರಡು ಲೇತ್ ಇರುವ ಶೆಡ್ಡಿನಲ್ಲಿ ಇಂಥವರು ಸಿಗುವುದು ಜಾಸ್ತಿ. ಡ್ರಾಯಿಂಗ್ ಜೊತೆ ವಾಲ್ವನ್ನೂ ತೆಗೆದುಕೊಂಡು ಹೋಗಿ, ಬರೀ ಹೆಡ್ ಕೊಟ್ಟರೆ ಅವರಿಗೂ ಕಷ್ಟ. ಕ್ರ್ಯಾಂಕ್ ಸೊಟ್ಟ ಇದ್ದರೂ ಅಲ್ಲಿಗೇ.

ಫ್ಲೈವೀಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ರಿಪೇರಿ ಮಾಡಿಸಬೇಡಿ, ಬೇರೆ ಮಾಡಿಸಿ. ಬೀಡು ಕಬ್ಬಿಣ ಒಡೆದರೆ ಎಚ್ಚರಿಕೆ ಕೊಡುವುದಿಲ್ಲ.

ಮೊದಲ ಸಲ ಐದು ನಿಮಿಷ ಓಡಿದ ಮೇಲೆ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೆಡ್ ಬೋಲ್ಟ್ ಮತ್ತೊಮ್ಮೆ ಬಿಗಿಮಾಡಿ, ಟ್ಯಾಪೆಟ್ ಗ್ಯಾಪ್ ಮತ್ತೆ ಅಳೆಯಿರಿ. ಪ್ಯಾಕಿಂಗ್ ಕೂತು, ವಾಲ್ವ್ ಸೀಟಿಗೆ ಹೊಂದಿಕೊಂಡು ಆ ಸಂದು ಕಡಿಮೆಯಾಗಿರುತ್ತದೆ. 'ನಿನ್ನೆ ಓಡಿತ್ತು, ಇವತ್ತು ಒತ್ತೇ ಇಲ್ಲ' ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.